ಮಿಂಚುಳ್ಳಿಗೆ ಬಂದ ಬಹುಮಾನ

ಹೊನ್ನಾಳಿಯ ನಮ್ಮ ಮನೆಯಲ್ಲಿ ಬಿಸಿ ಅನ್ನಕ್ಕೂ ಡೀಸೆಲ್ ವಾಸನೆ ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ. ರಸ್ತೆಗೆ ಮುಖ ಮಾಡಿ ಮಾವನವರ ಪೆಟ್ರೋಲ್ ಬಂಕು, ಅದರ ಬೆನ್ನಿಗೆ ಮನೆ, ಮನೆಯ ಹಿಂದೆ ಹಳ್ಳ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಒಲೆಯ ಮುಂದೆ ಕೂರುತ್ತಿದ್ದೆ. "ನಾಕು ದಿನ ಹೋಗ್ಲಿ ಕಣವ್ವ, ಆಮೇಲೆ ವಾಸ್ನೆ ಐತೆ ಅನ್ನದೇ ಗೊತ್ತಾಗಲ್ಲ" ಎಂದರು ಅತ್ತೆ. ಅವರು ಹೇಳಿದ ಹಾಗೇ ಆಯಿತು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ನಾನು ಹುಟ್ಟಿ ಬೆಳೆದದ್ದು ಚನ್ನಗಿರಿಯಲ್ಲಿ. ಎಪ್ಪತ್ತರ ದಶಕದಲ್ಲಿ ಅಪ್ಪ ಅಲ್ಲಿ ಒಂದು ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸಿಕೊಳ್ಳುವ ಹುಡುಗಿಯರ ಸೆರಗನ್ನು ಅಪ್ಪ ಮುಟ್ಟುವಂತಿರಲಿಲ್ಲ. ನೆರಿಗೆ ಸರಿಮಾಡಿ, ಜಡೆ ಮುಂದಕ್ಕೆ ತಂದು, ಗದ್ದ ಒಂಚೂರು ಎತ್ತಿ ಕೂರಿಸುವುದು ನನ್ನ ಕೆಲಸ. ಹೀಗೆ ಕ್ಯಾಮೆರಾದ ಮುಂದೆ ಓಡಾಡುತ್ತಲೇ ಅದರ ಹಿಂದಿನ ಕೆಲಸವೂ ಬಂತು. ಫಿಲ್ಮ್ ರೋಲಿನಲ್ಲಿ ಕೊನೆಗೊಂದಿಷ್ಟು ಉಳಿದಿದ್ದರೆ ಅಪ್ಪ ನನ್ನನ್ನು ಬಸ್ಸು ಹತ್ತಿಸಿಕೊಂಡು ಸೂಳೆಕೆರೆಗೆ ಹೋಗುತ್ತಿದ್ದರು. ಏರಿಯ ಮೇಲೆ ಕೂತು ನಾನು ಹಕ್ಕಿಗಳನ್ನು ತೆಗೆಯುತ್ತಿದ್ದೆ. ಹಕ್ಕಿಗೆ ಸೆರಗು ಸರಿಮಾಡುವ ಗೋಜಿಲ್ಲವಲ್ಲ, ಅದೇ ನನಗೆ ಖುಷಿ. ಮದುವೆಯಲ್ಲಿ ಅಪ್ಪ ಪಾತ್ರೆಪಗಡದ ಜೊತೆಗೆ ಒಂದು ಕ್ಯಾಮೆರಾವನ್ನೂ ಕೊಟ್ಟರು. ಹೊನ್ನಾಳಿಯ ಹೆಂಗಸರು ಕೊಪ್ಪರಿಗೆಯನ್ನು ತಟ್ಟಿ ನೋಡಿದರು, ಕ್ಯಾಮೆರಾ ನೋಡಿ ಮುಖ ಮುಖ ನೋಡಿಕೊಂಡರು.

ಆ ಮನೆಯಲ್ಲಿ ಸೊಸೆ ಮುಂಬಾಗಿಲಿಗೆ ಹೋಗುವ ಹಾಗಿರಲಿಲ್ಲ. ಅಲ್ಲಿ ಹಗಲೆಲ್ಲ ಲಾರಿ, ಲಾರಿಯ ಡ್ರೈವರುಗಳು. ನನ್ನ ಗಂಡ ನ್ಯಾಮತಿಯ ಸೀಮೆಎಣ್ಣೆ ಡಿಪೋ ನೋಡಿಕೊಳ್ಳಲು ಬೆಳಗ್ಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ನನಗೆ ಉಳಿದದ್ದು ಹಿತ್ತಲು. ಪುಣ್ಯಕ್ಕೆ ಹಿತ್ತಲಿನಾಚೆ ಹಳ್ಳವಿತ್ತು. ಗದ್ದೆಗಳಿಂದ ಬಸಿದು ಬರುವ ನಾಲೆಯ ನೀರಿನಿಂದ ಅದು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಹಳ್ಳದ ಆಚೆ ದಡ ಗೋಡೆಯ ಹಾಗೆ ಕಡಿದಾದ ಕೆಮ್ಮಣ್ಣು. ಅದರಲ್ಲೊಂದು ತೂತು, ತೂತಿನೊಳಗೆ ಮಿಂಚುಳ್ಳಿಗಳ ಸಂಸಾರ.

ನಾನು ದಿನಾ ಹಿತ್ತಲ ಕಲ್ಲಿನ ಮೇಲೆ ಕೂತು ಅದನ್ನೇ ನೋಡುವುದು ಮಾವನವರ ಕಣ್ಣಿಗೆ ಬಿತ್ತು. ಅವರೇ ಗೋಣಿಚೀಲ ಹೊಲಿಸಿ, ಗೂಟ ಹೊಡೆಸಿ, ಈಚೆ ದಡದಲ್ಲಿ ಒಬ್ಬರು ಕೂರುವಷ್ಟು ಮರೆ ಕಟ್ಟಿಸಿಕೊಟ್ಟರು. "ಹಕ್ಕೀನೂ ನಿನ್ನ ನೋಡಬಾರ್ದು, ಡ್ರೈವರ್‌ಗಳೂ ನೋಡಬಾರ್ದು. ಎಲ್ಡಕ್ಕೂ ಇದೇ ಸಾಕು" ಎಂದು ನಕ್ಕರು. ರೋಲು ತರಿಸಿಕೊಟ್ಟವರೂ ಅವರೇ, ಅದನ್ನು ತೊಳೆಸಲು ಬೆಂಗಳೂರಿಗೆ ಕಳಿಸಿದವರೂ ಅವರೇ. ಅವರು ಕೆಟ್ಟವರಾಗಿದ್ದರೆ ನನ್ನ ಪಾಡು ಎಷ್ಟೋ ಸುಲಭವಾಗಿರುತ್ತಿತ್ತು.

ಗೋಣಿಯೊಳಗೆ ಕೂತರೆ ಉಸಿರು ಕಟ್ಟುತ್ತಿತ್ತು. ಬಂಕಿನ ಪಕ್ಕದಲ್ಲೇ ಲಾರಿಗಳಿಗೆ ವಾಟರ್ ಸರ್ವಿಸ್, ಆಯಿಲ್ ಚೇಂಜು. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲನ್ನು ಡ್ರಮ್ಮಿಗೆ ತುಂಬಿಸಿ ಇಡುತ್ತಿದ್ದರು. ಕೊಟ್ಟಿಗೆಯ ಕಂಬಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯಲು ರೈತರು ಒಯ್ಯುತ್ತಿದ್ದರು. ಅವರು ಒಯ್ದು ಉಳಿದದ್ದು ಲಾರಿ ತೊಳೆದ ನೀರಿನ ಜೊತೆ ಚರಂಡಿ ಹಿಡಿದು ಹಳ್ಳಕ್ಕೆ. ನಮ್ಮ ಮನೆಯಲ್ಲಿ ಅದು ಮಾತಾಡುವ ಸಂಗತಿಯೇ ಅಲ್ಲ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ?

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಬಂಕಿನ ಗೋಡೆಗೆ ಆಯಿಲ್ ಕಂಪನಿಯ ಪೋಸ್ಟರ್ ಬಂತು. ಕಾಡು, ಪ್ರಾಣಿ, ಹಕ್ಕಿಗಳ ಫೋಟೋ ಸ್ಪರ್ಧೆ. ಗೆದ್ದವರಿಗೆ ಸನ್ಮಾನ, ಗೆದ್ದ ಫೋಟೋ ಕಂಪನಿಯ ಕ್ಯಾಲೆಂಡರಿಗೆ. ಆಗಷ್ಟೇ ನನ್ನದೊಂದು ಕಲರ್ ಫೋಟೋ ತೊಳೆಸಿಕೊಂಡು ಬಂದಿತ್ತು: ಬಿಸಿಲು ಇಳಿಯುವ ಹೊತ್ತು, ಬಾಗಿದ ಕಡ್ಡಿಯ ಮೇಲೆ ಮಿಂಚುಳ್ಳಿ, ಕೊಕ್ಕಿನಲ್ಲಿ ಮೀನು, ಕೆಳಗೆ ನೀರಿನ ತುಂಬ ನೇರಳೆ, ಹಸಿರು, ಹಳದಿ ಬಣ್ಣಗಳು ಸುತ್ತಿಕೊಂಡು ಹರಿದಿವೆ. ಮಾವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ನಮ್ಮ ಹಳ್ಳ ಇಷ್ಟ್ ಚಂದ ಐತಾ?" ಎಂದರು. ಮರುದಿನ ಅವರೇ ಅಂಚೆಗೆ ಹಾಕಿಸಿದರು.

ಅದಾಗಿ ಕೆಲವು ದಿನಕ್ಕೆ ಮಿಂಚುಳ್ಳಿಯ ಒಂದು ಮರಿ ಮೊದಲ ಸಲ ಹಾರಲು ಹೋಗಿ ಚರಂಡಿಯ ಬಾಯಿಯ ಹತ್ತಿರ ನೀರಿಗೆ ಬಿತ್ತು. ರೆಕ್ಕೆ ಬಡಿಯಿತು, ಏಳಲಾಗಲಿಲ್ಲ. ನಾನು ಸೀರೆ ಎತ್ತಿ ಕಟ್ಟಿ ಇಳಿದು ಎತ್ತಿಕೊಂಡು ಬಂದೆ. ಗರಿಗಳೆಲ್ಲ ಅಂಟಿಕೊಂಡು ಮುದ್ದೆಯಾಗಿದ್ದವು. ಸೀಗೆಪುಡಿ ಹಾಕಿ, ಬೆಚ್ಚಗಿನ ನೀರಲ್ಲಿ, ಕೂಸಿಗೆ ಎರೆದ ಹಾಗೆ ಎರೆದೆ. ಜಿಡ್ಡು ಹೋಯಿತು, ಮರಿಯೂ ಹೋಯಿತು. ಅತ್ತೆ ದಾಸವಾಳದ ಬುಡದಲ್ಲಿ ಗುಂಡಿ ತೋಡಿದರು. ನನ್ನ ಕೈ ಎಷ್ಟು ತೊಳೆದರೂ ಆ ದಿನ ವಾಸನೆ ಹೋಗಲಿಲ್ಲ. ಮೂಗಿಗೆ ಅದು ಮತ್ತೆ ತಿಳಿಯತೊಡಗಿದ್ದು ಆವತ್ತಿನಿಂದ.

ಬಹುಮಾನದ ಸುದ್ದಿ ತಂದವರು ಕಂಪನಿಯ ಆಫೀಸರು. ಜೀಪಿನಿಂದ ಇಳಿದವರೇ ಮಾವನ ಕೈ ಕುಲುಕಿ, "ನಿಮ್ಮ ಸೊಸೆಯೋರಿಗೆ ಮೊದಲ್ನೇ ಬಹುಮಾನ ರೀ! ಹಕ್ಕಿಗಿಂತ ನೀರಿನ ಬಣ್ಣಕ್ಕೇ ತೀರ್ಪುಗಾರರು ಮರುಳಾಗಿದಾರೆ. ಸಂಜೆ ಆಕಾಶನೇ ಕೆಳಗೆ ಇಳಿದಂಗೆ ಐತೆ ಅಂದ್ರು" ಎಂದರು. ಬಾಗಿಲ ಮರೆಯಲ್ಲಿದ್ದ ನಾನು ಮಾವನನ್ನು ನೋಡಿದೆ, ಮಾವ ನನ್ನನ್ನು ನೋಡಿದರು. ಅದು ಆಕಾಶವಲ್ಲ ಎಂದು ನಮ್ಮ ಬಂಕಿನಲ್ಲಿ ಟೈರಿಗೆ ಗಾಳಿ ಹೊಡೆಯುವವನಿಗೂ ಗೊತ್ತಿತ್ತು. ನೀರಿನ ಮೇಲೆ ಆಯಿಲ್ ತೇಲಿದರೆ ಬರುವ ಬಣ್ಣ ಅದು. ತೀರ್ಪು ಕೊಟ್ಟ ಪಟ್ಟಣದವರು ಆಯಿಲನ್ನು ಡಬ್ಬಿಯಲ್ಲಲ್ಲದೆ ಬೇರೆಲ್ಲೂ ನೋಡಿರಲಿಲ್ಲವೋ ಏನೋ.

ಆಮೇಲಿನ ದಿನಗಳು ನನಗೆ ಅಡಕತ್ತರಿಗೆ ಸಿಕ್ಕ ಹಾಗೆ. ಬಹುಮಾನ ಬೇಡ ಎನ್ನೋಣವೆಂದರೆ, ಬೇಡ ಎನ್ನುವ ನನ್ನ ಬಾಯಿಗೆ ಬೀಳುವ ಅನ್ನ ಎಲ್ಲಿಯದು? ಕ್ಯಾಮೆರಾಕ್ಕೆ ರೋಲು ಎಲ್ಲಿಯದು? ತಗೊಳ್ಳೋಣವೆಂದರೆ ದಾಸವಾಳದ ಗಿಡ ಹಿತ್ತಲಲ್ಲೇ ಇದೆ. ರಾತ್ರಿ ಊಟಕ್ಕೆ ಕೂತಾಗ, ಆಯಿಲ್ ಮಾರುವವರಿಗೆ ಹಕ್ಕಿಯ ಮೇಲೆ ಯಾಕಿಷ್ಟು ಅಕ್ಕರೆ ಎಂದು ಕೇಳಿಯೇಬಿಟ್ಟೆ. ಗಂಡ ಮಜ್ಜಿಗೆ ಬಡಿಸು ಎಂದರು. ಅತ್ತೆ, "ಅಡಿಕೆ ಮಂಡಿಯೋರು ಗುಡಿಗೆ ಟ್ಯೂಬ್‌ಲೈಟ್ ಕೊಟ್ಟು ಅದ್ರ ಮೇಲೆ ಹೆಸರು ಬರೆಸಲ್ವಾ, ಹಂಗೇ. ಹೆಸರೇ ಉದ್ದಕ್ಕೂ ಇದ್ರೆ ಬೆಳಕು ಎಲ್ಲಿಂದ ಬರ್ಬೇಕು" ಎಂದರು. ಕ್ಯಾಮೆರಾ ಕಂಡರೆ ಆಗದ ಅತ್ತೆ ಅಷ್ಟು ಖಡಕ್ಕಾಗಿ ಹೇಳಿದ್ದು ಕೇಳಿ ನನಗೆ ನಗು ಬಂತು, ಅಳುವೂ ಬಂತು.

ಸನ್ಮಾನಕ್ಕೆ ಆಯುಧಪೂಜೆಯ ದಿನವೇ ಗೊತ್ತಾಯಿತು. ಹಿಂದಿನ ಸಂಜೆ ಮಾವ ಹಿತ್ತಲಿಗೆ ಬಂದರು. ನಾನು ಹೇಳದೆಯೇ ಅವರಿಗೆ ನನ್ನ ಮನಸ್ಸು ತಿಳಿದಿತ್ತು.

"ನಾಳೆ ಹೇಳ್ಬೇಕು ಅಂತ ಮಾಡಿಯೇನವ್ವ?"

"ಹೇಳದಿದ್ರೆ ನಂಗೆ ನಿದ್ದೆ ಹತ್ತಲ್ಲ ಮಾವ."

"ಹೇಳು. ನಾನು ಅಡ್ಡ ಬರಲ್ಲ. ಆದ್ರೆ ಏಜೆನ್ಸಿ ಕಿತ್ಕೊಂಡ್ರೆ ನಾವೆಲ್ರೂ ಎಲ್ಲಿಗ್ ಹೋಗಾಣ, ಅದೊಂದು ನೀನೇ ಹೇಳ್ಬಿಡು." ಹೆದರಿಸುವ ದನಿಯಲ್ಲ. ನಿಜವಾಗಿಯೂ ನನ್ನಿಂದ ಉತ್ತರ ಬರಬಹುದೆಂದು ಕಾದು ನಿಂತಿದ್ದರು.

ಮರುದಿನ ಪೆಟ್ರೋಲ್ ಹಾಕುವ ಮಷೀನುಗಳು ತೊಳೆದು ವಿಭೂತಿ ಬಳಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದ್ದವು. ಚನ್ನಗಿರಿ, ನ್ಯಾಮತಿ, ಜಗಳೂರು ಕಡೆಯ ಬಂಕಿನವರೆಲ್ಲ ಬಂದಿದ್ದರು. ಅಪ್ಪನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಆ ಮನೆಯ ಮುಂಬಾಗಿಲಲ್ಲಿ ಅಷ್ಟು ಜನರೆದುರು ನಿಂತದ್ದು ಅದೇ ಮೊದಲು. ಹೆಗಲಿಗೆ ಶಾಲು, ಕೊರಳಿಗೆ ಹಾರ, ಎರಡೂ ಕೈಗೆ ಹಣ್ಣಿನ ಬುಟ್ಟಿ. ಮೈಕಿನ ಮುಂದೆ ನಿಲ್ಲಿಸಿ ಎರಡು ಮಾತಾಡಿ ಎಂದರು. ಬುಟ್ಟಿ ಇಳಿಸಲು ಜಾಗವಿರಲಿಲ್ಲ, ಹಾರ ಗದ್ದಕ್ಕೆ ಒತ್ತುತ್ತಿತ್ತು.

"ಆ ನೀರಿನ ಬಣ್ಣ ಆಕಾಶದ್ದಲ್ಲ. ನಮ್ಮ ಬಂಕಿನ ಆಯಿಲಿಂದು" ಎಂದೆ.

ಮರಿಯ ಮಾತು ಹೇಳಲು ಉಸಿರು ಎಳೆದುಕೊಂಡೆ, ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ! ಮನೆತನದ ಮೇಲಿನ ಅಭಿಮಾನಕ್ಕೆ ಸೊಸೆ ಹಾಗೆಂದಳು ಎಂದುಕೊಂಡರು. ಆಫೀಸರು ಎದ್ದು ಬಂದು ಮೈಕು ತಮ್ಮ ಕಡೆ ತಿರುಗಿಸಿ, "ಕೇಳಿದ್ರಲ್ಲ! ನಮ್ಮ ಆಯಿಲು ಎಂಜಿನ್ನಿಗಷ್ಟೇ ಅಲ್ಲ, ನಿಸರ್ಗಕ್ಕೂ ಬಣ್ಣ ಕೊಡ್ತದೆ" ಎಂದರು. ಮತ್ತೆ ಚಪ್ಪಾಳೆ. "ಅದೇ ನೀರಲ್ಲಿ ಮರಿ ಸತ್ತಿದೆ" ಎಂದು ನಾನು ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ನನ್ನ ಪಕ್ಕ ನಿಂತ ಅತ್ತೆಯನ್ನು ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ. ಚಪ್ಪಾಳೆ ತಟ್ಟದೆ ಕೂತಿದ್ದವರು ಇಬ್ಬರೇ, ಮಾವ ಮತ್ತು ಅಪ್ಪ. ಬಾಯಿ ಮುಚ್ಚಿಸಲು ಬೈಯಬೇಕಾಗಿಲ್ಲ, ಹೊಗಳಿದರೂ ಆಗುತ್ತದೆ ಎಂದು ನನಗೆ ಅವತ್ತು ತಿಳಿಯಿತು.

ಊಟವಾದ ಮೇಲೆ ಆಫೀಸರು ಫೋಟೋ ತೆಗೆದ ಜಾಗ ತೋರಿಸಿ ಎಂದರು. ಬಂದವರೆಲ್ಲ ಎಲೆಅಡಿಕೆ ಜಗಿಯುತ್ತ ಹಿಂದೆ ಬಂದರು. ನಾನು ಬೇಕೆಂದೇ ಅವರನ್ನು ಚರಂಡಿಯ ಬಾಯಿಯ ಹತ್ತಿರವೇ ನಿಲ್ಲಿಸಿ, ಮರಿ ಬಿದ್ದದ್ದು ಇಲ್ಲೇ ಎಂದೆ. ಆಫೀಸರು ಕರ್ಚೀಫು ಮೂಗಿಗೆ ಹಿಡಿದು, ಆಚೆ ದಡದ ತೂತು ನೋಡಿ, ಈಚೆ ಕಪ್ಪು ಕೆಸರು ನೋಡಿ, "ಛೇ, ಇದನ್ನ ಹಿಂಗೆ ಬಿಡಬಾರ್ದು. ಏನಾದ್ರೂ ಮಾಡ್ಲೇಬೇಕು" ಎಂದರು. ನನ್ನ ಎದೆ ಹಗುರವಾಯಿತು. ಆ ಮಾತನ್ನು ನಂಬಿಕೊಂಡು ನಾನು ಒಂದು ಚಳಿಗಾಲ ಕಳೆದೆ.

ಕ್ಯಾಲೆಂಡರು ಬಂತು. ಸಂಕ್ರಾಂತಿ ಕಳೆದು ಜಗಳೂರಿನ ನಾದಿನಿಯ ಮನೆಗೆ ಹೋದಾಗ ನಡುಮನೆಯಲ್ಲಿ ಅದೇ ತೂಗುತ್ತಿತ್ತು, ಕಂಪನಿಯ ಹೆಸರು ಹಕ್ಕಿಗಿಂತ ದಪ್ಪ. ಅಲ್ಲಿ ಒಂದು ಕೊಡ ನೀರಿಗೂ ದಾರಿ ಕಾಯುವ ಕಾಲ. ನೆರೆಮನೆಯ ಅಜ್ಜಿಯೊಬ್ಬರು ಚಿತ್ರದ ನೀರನ್ನು ಬೆರಳಿನಿಂದ ಸವರಿ, "ನಿಮ್ ಕಡೆ ನೀರು ಎಷ್ಟ್ ಚಂದ ಐತವ್ವ, ಕುಡಿಯಾಕೂ ಸಿಹಿ ಇರ್ಬೇಕು" ಎಂದರು. "ಹೂಂ ಅಜ್ಜಿ" ಎಂದು ಒಳಗೆ ಹೋದೆ.

ಬೇಸಿಗೆಯ ಬಾಯಿಗೆ ಕಂಪನಿಯವರು ನಿಜವಾಗಿಯೂ ಕೆಲಸ ಹಿಡಿದರು. ಸಿಮೆಂಟು ಬಂತು, ಸೈಜುಗಲ್ಲು ಬಂತು, ಗಾರೆಯವರು ಬಂದರು. ಚರಂಡಿಗೆ ಪೈಪು ಹಾಕಿ ಮಣ್ಣು ಮುಚ್ಚಿದರು, ಅದರ ಬಾಯಿ ಈಗ ಬಂಕಿನವರಿಗೆ ಕಾಣದಷ್ಟು ಕೆಳಗೆ ಹಳ್ಳಕ್ಕೇ ತೆರೆದುಕೊಂಡಿತು. ಬಹುಮಾನ ಬಂದ ಜಾಗ ಚೊಕ್ಕಟವಾಗಿ ಕಾಣಲೆಂದು ಆಚೆ ದಡದ ಕೆಮ್ಮಣ್ಣಿಗೂ ಉದ್ದಕ್ಕೆ ಕಲ್ಲು ಕಟ್ಟಿ ನುಣ್ಣಗೆ ಗಾರೆ ಮಾಡಿದರು. ನಾನು ಹಿತ್ತಲಿನಿಂದಲೇ ಕೂಗಿದೆ, "ಅಣ್ಣಾ, ಆ ತೂತು ಮುಚ್ಚಬೇಡ್ರಿ, ಅದು ಹಕ್ಕಿ ಮನೆ!" ಗಾರೆಯವನು, "ಅಕ್ಕಾರೆ, ತೂತು ಬಿಟ್ರೆ ಬಿಲ್ ಪಾಸ್ ಮಾಡಲ್ಲ" ಎಂದ. ಕೊನೆಗೆ ಪೇಂಟರು ಬಂದು ಗೋಡೆಯ ಮೇಲೆ ಕಂಪನಿಯ ಗುರುತು ಬರೆದು, ಅದರ ಪಕ್ಕಕ್ಕೆ ನನ್ನ ಫೋಟೋ ನೋಡಿಕೊಂಡು ಒಂದು ಮಿಂಚುಳ್ಳಿ ಬರೆದ. ಚೆನ್ನಾಗಿಯೇ ಬರೆದಿದ್ದ.

ಗೂಡು ಕಟ್ಟುವ ಕಾಲಕ್ಕೆ ಹಕ್ಕಿ ಬಂತು. ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತು, ಹಳೆಯ ಅಭ್ಯಾಸದಂತೆ ನೇರ ನುಗ್ಗಿ ಕೊಕ್ಕಿನಿಂದ ದಡ ಕುಟ್ಟಿತು. ಸಿಮೆಂಟು ಟಕ್ ಎಂದಿತು. ಹಿಂದಕ್ಕೆ ಬಂದು ಕಡ್ಡಿಯ ಮೇಲೆ ಕೂತು ಮತ್ತೆ ನುಗ್ಗಿತು. ಮಣ್ಣಿದ್ದರೆ ಹಾಗೆ ಕುಟ್ಟಿ ಕುಟ್ಟಿಯೇ ಅದು ಬಾಗಿಲು ಮಾಡಿಕೊಳ್ಳುತ್ತಿತ್ತು. ನಾನು ಗೋಣಿಯ ಮರೆಯೊಳಗೆ ಕೂತಿದ್ದೆ, ಕ್ಯಾಮೆರಾ ತೊಡೆಯ ಮೇಲಿತ್ತು. ಎತ್ತಲು ಕೈ ಬರಲಿಲ್ಲ.

ಮಾವ ಯಾವಾಗ ಬಂದು ಹಿಂದೆ ನಿಂತಿದ್ದರೋ ಗೊತ್ತಿಲ್ಲ. "ಬೇರೆ ಕಡೆ ಹೋಗ್ತೈತೆ ಬಿಡವ್ವ. ಹಕ್ಕಿಗೆ ರೆಕ್ಕೆ ಐತಲ್ಲ" ಎಂದರು.

ಅದು ನಿಜ. ಬಿಸಿಲೇರುವ ಹೊತ್ತಿಗೆ ಅದು ಹಳ್ಳದ ಗುಂಟ ಹಾರಿ ಹೋಯಿತು. ನಾನು ಒಳಗೆ ಬಂದು ಅನ್ನಕ್ಕೆ ಎಸರಿಟ್ಟೆ.