ಎಲ್ಲರದ್ದೂ ಒಂದೊಂದು ಹಿಡಿ

ಮದುವೆಯಾಗಿ ನಾಲ್ಕು ವರ್ಷವಾದರೂ ಅತ್ತೆಯ ಬಾಯಲ್ಲಿ ಅವಳು ಸೊಸೆ ಆಗಿರಲಿಲ್ಲ, ‘ಹಾಸ್ಟೆಲ್’ ಆಗಿಯೇ ಉಳಿದಿದ್ದಳು. “ಹಾಸ್ಟೆಲ್, ಹಾಲು ಉಕ್ತಾ ಇದೆ ನೋಡು.” “ಉಪ್ಪಿನ ಡಬ್ಬಿ ಎಲ್ಲಿ? ಹಾಸ್ಟೆಲ್‌ನ ಕೇಳಿ.” ಹೆತ್ತವರಿಲ್ಲದ ಅವಳು ಬೆಳೆದದ್ದು ಚರ್ಚಿನ ಹಾಸ್ಟೆಲಿನಲ್ಲಿ, ಅಡುಗೆ ಕಲಿತದ್ದೂ ಅಲ್ಲೇ, ಇನ್ನೂರು ಜನಕ್ಕೆ ಬೇಯಿಸುವ ಅಡುಗೆಮನೆಯಲ್ಲಿ. ಈ ಮನೆಗೆ ಬಂದ ಮೊದಲ ದಿನ ಅವಳು ಮಾಡಿದ ಅನ್ನ ಮೂರು ದಿನವಾದರೂ ಮುಗಿಯಲಿಲ್ಲ. ಆ ಹೆಸರು ಅಂದು ಅಂಟಿಕೊಂಡದ್ದು, ಬಿಡಲೇ ಇಲ್ಲ.

ಅತ್ತೆ ಕೆಟ್ಟವರಲ್ಲ. ಬಾಯಿ ಜೋರು, ಅಷ್ಟೇ. ಆದರೆ ಕ್ರಿಸ್‌ಮಸ್ ಕೇಕಿನ ವಿಷಯಕ್ಕೆ ಬಂದರೆ ಸ್ವಂತ ಮಗಳನ್ನೂ ಓವನ್ನಿನ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅವರೇ ಮಾಡಬೇಕು, ಹಬ್ಬದ ದಿನ ಪ್ರಾರ್ಥನೆ ಮುಗಿದ ಮೇಲೆ ಅವರೇ ಚಾಕು ಹಿಡಿದು ಕತ್ತರಿಸಬೇಕು. ಅಲ್ಲಿಯವರೆಗೆ ಮೇಜಿನ ಸುತ್ತ ಕೂತ ಹತ್ತೊಂಬತ್ತು ಜನರಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನುವಂತಿಲ್ಲ. ತಕ್ಕಡಿಯಿಲ್ಲ, ಬರೆದಿಟ್ಟ ಚೀಟಿಯಿಲ್ಲ. ಅಳತೆಯೆಲ್ಲ ಅವರ ಬಲಗೈಯ ಹಿಡಿಯಲ್ಲಿ.

ಆ ವರ್ಷ ಹಬ್ಬಕ್ಕೆ ಐದು ದಿನವಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಮೊಣಕೈಯಿಂದ ಬೆರಳಿನ ಗಿಣ್ಣಿನವರೆಗೆ ಪ್ಲಾಸ್ಟರ್ ಬಿತ್ತು.

“ಹೋಗ್ಲಿ ಬಿಡಮ್ಮ, ಈ ಸಲ ಬೇಕರಿಯಿಂದ ತಂದ್ರಾಯ್ತು,” ಎಂದ ಗಂಡ. ಅವನು ಮನೆಮನೆಗೆ ವೈರಿಂಗ್ ಮಾಡುವವನು, ಕೆಟ್ಟದ್ದನ್ನು ಬಿಚ್ಚಿ ಹೊಸದು ಹಾಕುವುದೇ ಅವನಿಗೆ ಗೊತ್ತಿರುವ ಪರಿಹಾರ. ಜಗಳಕ್ಕೂ ಮನಸ್ಸಿಲ್ಲದೆ ಸುಮ್ಮನೆ ಕೂತ ಅತ್ತೆಯನ್ನು ಅವಳು ಅದೇ ಮೊದಲು ನೋಡಿದ್ದು.

“ಬೇಕರಿದು ಬೇಡ. ನಾನು ಮಾಡ್ತೀನಿ,” ಎಂದುಬಿಟ್ಟಳು.

ಹಾಸ್ಟೆಲಿನಲ್ಲೂ ಕ್ರಿಸ್‌ಮಸ್ಸಿಗೆ ಕೇಕ್ ಇರುತ್ತಿತ್ತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಆಳಿಗೊಂದು ತುಂಡು. ‘ಇನ್ನೊಂದು ತಗೋ’ ಎನ್ನುವವರು ಯಾರೂ ಇರಲಿಲ್ಲ. ಈ ಮನೆಯ ಮೇಜಿನಲ್ಲಿ ಅತ್ತೆ ಬೈಯುತ್ತ ಬೈಯುತ್ತಲೇ ಎಲ್ಲರ ತಟ್ಟೆಗೂ ಎರಡನೆಯ ತುಂಡು ಹಾಕುತ್ತಿದ್ದರು, ಅವಳ ತಟ್ಟೆಗೂ. ಒಂದು ವರ್ಷ ಬೇಕರಿಗೆ ಹೋದರೆ ಮುಂದಿನ ವರ್ಷವೂ ಅದೇ ಸಲೀಸಾಗುತ್ತದೆ, ಆಮೇಲೆ ಮನೆಯ ಕೇಕ್ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು.

“ದಂಡಿಗೆ ಬೇಯ್ಸಿದವಳು ನೀನು,” ಎಂದು ಅತ್ತೆ ಮೂಗು ಮುರಿದರು. ಆದರೂ ಕಣ್ಣುಮುಚ್ಚಿಕೊಂಡು, ಒಲ್ಲದ ಮನಸ್ಸಿನಿಂದ, ಗುಟ್ಟು ಬಿಟ್ಟುಕೊಟ್ಟರು. “ಹನ್ನೆರಡು ಹಿಡಿ ಮೈದಾ. ಹನ್ನೆರಡು ಹಿಡಿ ಸಕ್ಕರೆ. ಹನ್ನೆರಡು ಮೊಟ್ಟೆ. ಬೆಣ್ಣೆ ಆ ದೊಡ್ಡ ಕಟ್ಟು ಪೂರ್ತಿ. ಒಣಹಣ್ಣು ನೆನೆಹಾಕಿ ಒಂದು ತಿಂಗಳಾಯ್ತು, ಭರಣೀಲಿದೆ, ಅದರಲ್ಲಿ ಅರ್ಧ ಹಾಕು. ನಾನು ಅಡುಗೆಮನೆಗೆ ಬರಲ್ಲ. ನೋಡಕ್ಕಾಗಲ್ಲ ನನಗೆ.”

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವಳು ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದಳು. ಭರಣಿಯ ಹಣ್ಣಿನಲ್ಲಿ ಅರ್ಧ ಸುರಿದಳು. ಮುಕ್ಕಾಲು ಗಂಟೆಯ ಮೇಲೆ ಓವನ್ ಬಾಗಿಲು ತೆಗೆದರೆ ಕೇಕಿನ ನಡು ಭಾಗ ಕುಸಿದು ಹೊಂಡವಾಗಿದೆ, ಅಂಚಿನಲ್ಲೆಲ್ಲ ಬೆಣ್ಣೆ ಒಸರುತ್ತಿದೆ.

ಗಂಡ ಇಣುಕಿ ನೋಡಿದ. ಪಾಪ, ನಗಲಿಲ್ಲ. “ಚಪ್ಪಲಿ ಹಾಕ್ಕೊಳ್ಳಲಾ?” ಎಂದ. ಬೇಕರಿ ಬೀದಿಯ ತಿರುವಿನಲ್ಲೇ ಇತ್ತು.

“ಅರ್ಧ ಗಂಟೆ ತಡೀರಿ.”

ಅವಳು ತನ್ನ ಅಂಗೈ ನೋಡಿಕೊಂಡಳು. ಹದಿನಾಲ್ಕರ ಹುಡುಗಿಯದೆನ್ನಿಸುವಂಥ ಪುಟ್ಟ ಕೈ. ಅತ್ತೆಯದೋ, ಒಂದೇ ಕೈಯಲ್ಲಿ ದೊಡ್ಡ ಕುಂಬಳಕಾಯಿ ಎತ್ತುವ ಕೈ. ಅವಳ ಹನ್ನೆರಡು ಹಿಡಿ ಅತ್ತೆಯ ಏಳೂ ಆಗುವುದಿಲ್ಲ. ಮೊಟ್ಟೆಗೆ, ಬೆಣ್ಣೆಗೆ ಅದು ಗೊತ್ತೇ? ಅವು ಪೂರ್ತಿ ಬಂದು ಕೂತಿದ್ದವು. ತಪ್ಪು ಗೊತ್ತಾದ ಕೂಡಲೇ ಅವಳಿಗೆ ಹೋದ ಜೀವ ಬಂತು. ಹಾಸ್ಟೆಲಿನ ಅಡುಗೆಯ ಸಿಸ್ಟರ್ ಹೇಳುತ್ತಿದ್ದ ಮಾತು ನೆನಪಾಯಿತು. ಹಿಟ್ಟು ಎಷ್ಟೇ ಇರಲಿ, ತೂಕ ಮಾಡು, ಅಷ್ಟೇ ತೂಕ ಸಕ್ಕರೆ, ಅಷ್ಟೇ ಬೆಣ್ಣೆ, ಅಷ್ಟೇ ಮೊಟ್ಟೆ. ಇಬ್ಬರಿಗಾದರೂ ಅದೇ, ಇನ್ನೂರಕ್ಕಾದರೂ ಅದೇ.

ಗಂಡ ಚಪ್ಪಲಿ ಹಾಕಿಕೊಂಡದ್ದು ದಂಡವಾಗಲಿಲ್ಲ. ಎದುರಿನ ತರಕಾರಿ ಅಂಗಡಿಗೆ ಓಡಿ ತಕ್ಕಡಿ ತಂದ, ಹಾಗೇ ಬೆಣ್ಣೆ, ಮೊಟ್ಟೆಯನ್ನೂ ತಂದ.

ಅಷ್ಟರಲ್ಲಿ ನೆಂಟರ ಗಲಾಟೆ ಶುರುವಾಯಿತು. ಬಾವ, ನಾದಿನಿ, ಓರಗಿತ್ತಿ, ಮೈದುನ, ಅವರವರ ಮಕ್ಕಳು, ಬ್ಯಾಗು, ದಿಂಬು. ಎಲ್ಲರ ಕಣ್ಣಿಗೂ ಮೊದಲು ಬಿದ್ದದ್ದು ಆ ಹೊಂಡ. “ಇದೇನು ಕೇಕಾ, ಕೆರೆನಾ?” ಎಂದ ಮೈದುನ. ಮಕ್ಕಳು ಬಿದ್ದು ಬಿದ್ದು ನಕ್ಕವು. ಕೆನ್ನೆ ಬಿಸಿಯಾದರೂ ಅವಳು ಅಗಲವಾದ ಪಾತ್ರೆಯನ್ನು ಮೇಜಿನ ನಡುವೆ ಇಟ್ಟಳು.

“ನಗೋದು ಆಮೇಲೆ. ಎಲ್ಲರೂ ಕೈ ತೊಳ್ಕೊಂಡು ಬನ್ನಿ. ಒಬ್ಬೊಬ್ಬರು ಒಂದೊಂದು ಹಿಡಿ ಮೈದಾ ಹಾಕ್ಬೇಕು. ತಿನ್ನೋರೆಲ್ಲ ಹಾಕ್ಬೇಕು.”

ಸಾಲಾಗಿ ಬಂದರು. ಬಾವನ ಕೈ ಸಲಿಕೆಯಷ್ಟಿತ್ತು. ನಾದಿನಿ ಬಳೆ ಹಿಂದಕ್ಕೆ ಸರಿಸಿ ನಾಜೂಕಾಗಿ ಹಾಕಿದಳು. ಓರಗಿತ್ತಿಯ ಎರಡು ವರ್ಷದ ಮಗು ಹಾಕಿದ್ದು ಚಿಟಿಕೆಯಷ್ಟು, ಮೂತಿಗೆ ಬಳಿದುಕೊಂಡದ್ದೇ ಹೆಚ್ಚು. ಕೊನೆಗೆ ತನ್ನದನ್ನೂ ಹಾಕಿ ಎಣಿಸಿದಳು. ಹದಿನೆಂಟು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಬರುವುದಿಲ್ಲ ಎಂದವರು ಯಾವಾಗ ಬಂದರೋ.

“ಅತ್ತೆ, ನಿಮ್ಮದೊಂದು ಬಾಕಿ.”

“ನನ್ನ ಕೈ ಮುರಿದಿದೆ, ಕಾಣಲ್ವಾ?”

“ಎಡಗೈ ಚೆನ್ನಾಗೇ ಇದೆಯಲ್ಲ. ನಿನ್ನೆ ಅದರಲ್ಲೇ ನನಗೆ ಸೌಟು ತೋರಿಸಿದ್ರಿ.”

ಅತ್ತೆಯ ತುಟಿಯಂಚು ಅಲುಗಿತು. ಮೇಜಿನ ಹತ್ತಿರ ಬಂದು ಎಡಗೈಯಲ್ಲಿ ತುಂಬು ಹಿಡಿ ಹಿಟ್ಟು ಸುರಿದರು. ತಕ್ಕಡಿಯಲ್ಲಿ ಎಲ್ಲ ಸೇರಿ ಒಂಬೈನೂರು ಗ್ರಾಂ ತೂಗಿತು. ಅಷ್ಟೇ ಸಕ್ಕರೆ, ಅಷ್ಟೇ ಬೆಣ್ಣೆ, ಹದಿನೆಂಟು ಮೊಟ್ಟೆ, ಭರಣಿಯ ಉಳಿದರ್ಧ ಹಣ್ಣು. ಗಂಡ ಕಲಸಿದ, ಬಾವ ಕಲಸಿದ, ಕೈಸೋತವರ ಕೈಯಿಂದ ಇನ್ನೊಬ್ಬರು ಸೌಟು ಕಿತ್ತುಕೊಂಡರು. ಸಂಜೆಯ ಹೊತ್ತಿಗೆ ಮೂರು ಕೇಕುಗಳು ಉಬ್ಬಿ, ಕಂದುಬಣ್ಣಕ್ಕೆ ತಿರುಗಿ, ಹೊಳೆಯುತ್ತ ಹೊರಬಂದವು. ಆ ಮನೆ ಅಷ್ಟು ಕೇಕನ್ನು ಹಿಂದೆಂದೂ ಕಂಡಿರಲಿಲ್ಲ. ಅವಳಿಗೆ ಕುಣಿಯಬೇಕೆನಿಸಿತು. ಯಾರೂ ನೋಡದಾಗ ಅಡುಗೆಮನೆಯಲ್ಲಿ ಸ್ವಲ್ಪ ಕುಣಿದೂಬಿಟ್ಟಳು.

ಮರುದಿನ ಆರಾಧನೆ ಮುಗಿಸಿ ಬಂದು, ಪ್ರಾರ್ಥನೆ ಮಾಡಿ, ಎಲ್ಲರೂ ಮೇಜಿಗೆ ಕೂತಾಗ ತರಕಾರಿ ಅಂಗಡಿಯವನು ತಕ್ಕಡಿ ಕೇಳಿಕೊಂಡು ಬಂದ. ಬಂದವನಿಗೊಂದು ತುಂಡು ಸಿಗಲೇಬೇಕಲ್ಲ. ಅತ್ತೆ ಚಾಕು ಎತ್ತಿಕೊಂಡರು, ಒಮ್ಮೆ ಪ್ಲಾಸ್ಟರ್ ನೋಡಿಕೊಂಡರು, ಚಾಕುವನ್ನು ಅವಳ ಮುಂದೆ ಸರಿಸಿದರು. ಅವಳು ಕತ್ತರಿಸಿದಳು. ಅವನು ಬಾಯಿಗಿಟ್ಟು ಕಣ್ಣರಳಿಸಿದ.

“ಯಾವ ಬೇಕರೀದಮ್ಮ ಇದು?”

“ಬೇಕರೀದಾ?” ಅತ್ತೆಯ ದನಿ ಬೀದಿಯ ತಿರುವಿಗೂ ಕೇಳಿಸುವಂತಿತ್ತು. “ನಮ್ಮ ಸೊಸೆ ಮಾಡಿದ್ದು! ಇನ್ನೊಂದು ತುಂಡು ಹಾಕಮ್ಮ ಅವನಿಗೆ. ಮೊದಲು ನೀನು ತಗೋ.”

ಅಂದಿನಿಂದ ಅವಳನ್ನು ಹಾಸ್ಟೆಲ್ ಎಂದು ಯಾರೂ ಕರೆಯಲಿಲ್ಲ. ಅತ್ತೆಯ ಕೈ ಕೂಡಿಕೊಂಡಿತು, ಆದರೆ ಹನ್ನೆರಡು ಹಿಡಿಯ ಲೆಕ್ಕಕ್ಕೆ ಆ ಮನೆ ಮರಳಿ ಹೋಗಲಿಲ್ಲ. ಹಬ್ಬದ ಹಿಂದಿನ ದಿನ ಎಲ್ಲರೂ ಕೈ ತೊಳೆದು ಸಾಲಾಗಿ ನಿಲ್ಲಬೇಕು, ಹೊಸ ಅಳಿಯನಾದರೂ ಸರಿ, ವಾರದ ಕೂಸಾದರೂ ಸರಿ.

ಈಗ ಸಾಲು ಅಂಗಳದವರೆಗೆ ಬರುತ್ತದೆ. ಹೋದ ವರ್ಷ ನಲವತ್ತಮೂರು ಹಿಡಿ. ಅತ್ತೆ ತೀರಿಹೋಗಿ ಒಂಬತ್ತು ವರ್ಷವಾಯಿತು. ತಲೆ ನರೆತ ಸೊಸೆ ಎಲ್ಲರದ್ದೂ ಆದ ಮೇಲೆ ತನ್ನ ಪುಟ್ಟ ಹಿಡಿ ಹಾಕುತ್ತಾಳೆ. ಆಮೇಲೆ ಎರಡೂ ಕೈ ಜೋಡಿಸಿ ಒಂದು ಬೊಗಸೆ ತುಂಬ ಎತ್ತುತ್ತಾಳೆ.

“ಇದು ಯಾರದಜ್ಜಿ?” ಎಂದು ಮಕ್ಕಳು ಪ್ರತಿ ವರ್ಷ ಗೊತ್ತಿದ್ದೂ ಕೇಳುತ್ತವೆ.

“ನಮ್ಮತ್ತೆದು,” ಎನ್ನುತ್ತಾಳೆ. “ಅವರ ಒಂದು ಹಿಡಿಗೆ ನನ್ನ ಎರಡೂ ಕೈ ಬೇಕು.”