ಬೀಬಿ ತೊಳೆದಿಟ್ಟ ಕಲ್ಲು

ಹುಸೇನಬಿ ಊರು ಬಿಟ್ಟು ಹೋಗಿರಲಿಲ್ಲ. ಹೋದಳೆಂದು ನಾನು ಸುಳ್ಳು ಹೇಳಿದೆ. ಹೇಳಿದ್ದು ನನ್ನ ನೆಗೆಣ್ಣಿಗೆ, ಭಾವನ ಹೆಂಡತಿ ನೀಲಮ್ಮಕ್ಕನಿಗೆ. ನಲವತ್ತು ವರುಷದ ಮೇಲಾಯಿತು. ಯಾಕೆ ಹೇಳಿದೆ ಎಂದು ಕೇಳಿದರೆ ಗೊತ್ತಿಲ್ಲ — ಈ ಗೊತ್ತಿಲ್ಲ ಎನ್ನುವುದೂ ನುಣುಚಿಕೊಳ್ಳುವ ಮಾತೇ ಇರಬೇಕು.

ನಾವು ರಂಗಂಪೇಟೆಯವರು. ಗಲಾಟೆಯ ವರುಷ ಮನೆಮಂದಿಯೆಲ್ಲ ಕೃಷ್ಣೆ ದಾಟಿ ಆಚೆ ಸೀಮೆಗೆ ಹೋಗಿದ್ದೆವು. ಅಲ್ಲಿ ನೀಲಮ್ಮಕ್ಕನ ಮೂರು ವರುಷದ ಮಗಳು ಜ್ವರ ಬಂದು ತೀರಿಕೊಂಡಿತು. ನಿಜಾಮನ ಆಡಳಿತ ಮುಗಿದ ಮೇಲೆ ವಾಪಸು ಬಂದೆವು. ಮನೆ ಇತ್ತು, ದನ ಇರಲಿಲ್ಲ, ಅಕ್ಕನ ಬಾಯಲ್ಲಿ ಮಾತಿರಲಿಲ್ಲ. ನನಗಾಗ ಹದಿನೆಂಟು. ಶಹಾಪುರದಿಂದ ಸೊಸೆಯಾಗಿ ಬಂದಾಗ ನನಗೆ ಜಡೆ ಹಾಕಿದವಳು, ರೊಟ್ಟಿ ಬಡಿಯಲು ಕಲಿಸಿದವಳು ಆಕೆ. ಈಗ ನಾನು ಆಕೆಯ ತಲೆ ಬಾಚಿದೆ, ಅನ್ನ ಕಲಸಿ ಕೈಗಿಟ್ಟೆ. ಉಂಡಳು, ಅಷ್ಟೇ. ನನ್ನ ಮುಖ ನೋಡಲಿಲ್ಲ.

ಒಂದು ದಿನ ಯಾರೂ ಹೇಳದೆ ಎದ್ದಳು. ಮೈಲಿಗೆ ಬಟ್ಟೆ ಗಂಟು ಕಟ್ಟಿಕೊಂಡು ಹಳ್ಳಕ್ಕೆ ಹೊರಟಳು. ಮನೆಯಲ್ಲೇ ಬಾವಿ ಇತ್ತು, ಆದರೂ ಅಷ್ಟು ದೂರ ನಡೆದಳು. ಮರುದಿನವೂ ಹೋದಳು. ಹೋಗುವ ಮುಂಚೆ ಮುಖ ತೊಳೆದು ತಾನೇ ವಿಭೂತಿ ಹಚ್ಚಿಕೊಳ್ಳತೊಡಗಿದಳು. ಬಂದ ಮೇಲೆ ಬಿಸಿಲಲ್ಲಿ ಕೂತು ಕೂದಲು ಒಣಗಿಸಿಕೊಳ್ಳುವಳು, ಹೊತ್ತಿಗೆ ಸರಿಯಾಗಿ ಉಣ್ಣುವಳು. ರಾತ್ರಿ ನಿದ್ದೆ ಬರುತ್ತಿತ್ತು. ಅತ್ತೆ ದೇವರಿಗೆ ಕೈ ಮುಗಿದರು. ನಾನು — ನಾನೂ ಮುಗಿದೆ. ಆಮೇಲೆ ಇದು ಹೇಗಾಯಿತೆಂದು ನೋಡಲು ಆಕೆಯ ಹಿಂದೆ ಹೋದೆ.

ಹಳ್ಳದ ದಂಡೆಯಲ್ಲಿ ಆಕೆಯ ಪಕ್ಕದ ಕಲ್ಲು ಹುಸೇನಬಿಯದು. ಎಲ್ಲರೂ ಬೀಬಿ ಎನ್ನುತ್ತಿದ್ದರು. ಗಂಡ ಹಿಂದಿನ ಸರಕಾರದ ಕಚೇರಿಯಲ್ಲಿ ನೌಕರಿಯಲ್ಲಿದ್ದ. ಸರಕಾರ ಹೋಯಿತು, ನೌಕರಿಯೂ ಹೋಯಿತು. ಕಿರಿ ಮಗ ಗಲಾಟೆಯಲ್ಲಿ ಮನೆ ಬಿಟ್ಟವನು ತಿರುಗಿ ಬಂದಿರಲಿಲ್ಲ. ಅಕ್ಕ ಮಗಳ ಮಾತೆತ್ತಲಿಲ್ಲ, ಬೀಬಿ ಮಗನ ಮಾತೆತ್ತಲಿಲ್ಲ. ಬಟ್ಟೆ ಒಗೆಯುತ್ತ ಬೀಬಿ ಕೇಳಿದಳು:

"ನೀಲಮ್ಮಾ, ನಿನ್ನಿ ಏನ್ ಚಂದ ನೋಡಿದಿ?"

"ನಮ್ಮ ಅತ್ತಿ ಕೋಳಿಗಿ ಬೈಯಾಕತ್ತಿದ್ದರು ಬೀಬಿ. ಕೋಳಿನೂ ತಿರುಗಿ ಬೈತು."

ಇಬ್ಬರೂ ನಕ್ಕರು. ದಿನಾ ಇದೇ ಅವರ ಪದ್ಧತಿ, ನಿನ್ನೆಯ ಒಂದು ಚಂದ ಆಕೆ ಹೇಳಬೇಕು, ಒಂದು ಈಕೆ. ಕಂಟಿಯ ಮರೆಯಲ್ಲಿ ನಿಂತ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಎಷ್ಟು ತಿಂಗಳು ತಲೆ ಬಾಚಿದವಳು ನಾನು, ನಗು ಮಾತ್ರ ಹಳ್ಳದಲ್ಲಿ — ಬೇರೆಯವಳಿಗೆ. ಅದು ಹೊಟ್ಟೆಕಿಚ್ಚೋ? ಇಲ್ಲ, ಹೆದರಿಕೆಯೂ ಇತ್ತು. ಕಾಲ ಕೆಟ್ಟಿತ್ತು. ಬೀಬಿಯ ಮನೆಯವರ ಜೊತೆ ಕೂತರೆ ಜನ ಏನೆಂದಾರು ಎಂದುಕೊಂಡೆ. ಆದರೆ ಹೇಳಲೇಬೇಕು, ಜನ ಏನೂ ಅಂದಿರಲಿಲ್ಲ. ಒಬ್ಬರೂ ಅಂದಿರಲಿಲ್ಲ.

ಅಕ್ಕನಿಗೆ ಎರಡು ದಿನ ನೆಗಡಿಯಾಯಿತು. ಬಟ್ಟೆಗೆ ನಾನು ಹೋದೆ. ಬಂದು ಹೇಳಿದೆ:

"ಬೀಬಿ ಊರು ಬಿಟ್ಟು ಹೋಗ್ಯಾಳಕ್ಕಾ. ಹೈದರಾಬಾದಿಗಿ. ಇನ್ನ ನೀ ಯಾಕ ಹೋಗ್ತಿ, ಆರಾಮ ಮನಿಯಾಗ ಕುಂಡ್ರು. ನಾ ಒಕ್ಕೊಂಡು ಬರ್ತೀನಿ."

ಅಕ್ಕ ಒಂದೇ ಕೇಳಿದಳು. "ಏನರ ಹೇಳಿ ಹೋದಳೇನು?"

"ಏನೂ ಹೇಳಿಲ್ಲ," ಎಂದೆ.

ಹಳ್ಳದಲ್ಲಿ ಬೀಬಿಗೂ ಒಂದು ಹೇಳಿದೆ, "ಅಕ್ಕಗ ಇನ್ನ ಬರಾಕ ಮನಸ್ಸಿಲ್ರಿ." ಆದರೂ ಬೀಬಿ ದಿನಾ ತನ್ನ ಬಟ್ಟೆಗಿಂತ ಮೊದಲು ಅಕ್ಕನ ಕಲ್ಲಿಗೆ ನೀರು ಹೊಯ್ದು, ಪಾಚಿ ತಿಕ್ಕಿ ತೊಳೆದು ಇಡುತ್ತಿದ್ದಳು. ಅದರ ಮೇಲೆ ತಾನೂ ಒಗೆಯಲಿಲ್ಲ, ಬೇರೆಯವರಿಗೂ ಬಿಟ್ಟುಕೊಡಲಿಲ್ಲ. ನಾನು ದೂರದ ಕಲ್ಲು ಹಿಡಿದೆ.

ಅಕ್ಕ ಆರಾಮ ಕೂತಳು, ನಾನು ಹೇಳಿದ ಹಾಗೆಯೇ. ಕೈಗೆ ಒಂದು ಕೆಲಸ ಕೊಡಲಿಲ್ಲ ನಾನು. ಅದನ್ನೇ ಮಾಯೆ, ಪ್ರೀತಿ ಎಂದುಕೊಂಡಿದ್ದೆ. ಮೊದಲು ಬಿಸಿಲಿಗೆ ಬರುವುದು ಬಿಟ್ಟಳು, ಆಮೇಲೆ ವಿಭೂತಿ, ಆಮೇಲೆ ಸ್ನಾನ. ಬೆಳಗಾಯಿತೋ ಬೈಗಾಯಿತೋ ತಿಳಿಯದೆ ಒಳಕೋಣೆಯಲ್ಲಿ ಗೋಡೆ ನೋಡುತ್ತಿದ್ದಳು. ಭಾವ ತಾಯಿತ ಕಟ್ಟಿಸಿದರು. ಹೆದರಿ ನಾನೂ ಒಂದು ದಿನ ಕೇಳಿದೆ, "ಅಕ್ಕಾ, ನಿನ್ನಿ ಏನ್ ಚಂದ ನೋಡಿದಿ?" ನನ್ನ ಬಾಯಲ್ಲಿ ಆ ಮಾತು ಕೇಳಿ ಬೆಚ್ಚಿದಳು. "ನಿನ್ನಿ ಅಂದ್ರ?" ಎಂದಳು.

ಆಗಲೇ ನಿಜ ಹೇಳಬಹುದಿತ್ತು. ಬೀಬಿ ಇನ್ನೂ ಇದ್ದಳು, ನಾಲ್ಕು ಓಣಿ ಆಚೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಎಷ್ಟೋ ನಾಳೆಗಳು ಹೋದವು.

ಆಮೇಲೆ ಒಂದು ಮುಂಜಾನೆ ಬೀಬಿಯೇ ನಮ್ಮ ಬಾಗಿಲಿಗೆ ಬಂದಳು. ಗಂಡನ ಜೊತೆ ಹಿರಿ ಮಗನ ಹತ್ತಿರ ಹೈದರಾಬಾದಿಗೆ ಹೊರಟಿದ್ದಳು, ಬಂಡಿ ನಿಂತಿತ್ತು. ನನ್ನ ಸುಳ್ಳು ಈಗ ಖರೇ ಆಗುವುದಿತ್ತು. ಅಕ್ಕ ಒಳಗೆ ಎಚ್ಚರವಾಗಿಯೇ ಇದ್ದಳು.

"ಮಲಗ್ಯಾಳ್ರಿ," ಎಂದೆ.

ಬೀಬಿ ಬಂಡಿಯ ಕಡೆ ತಿರುಗಿದಳು. "ಎಬ್ಬಸಬ್ಯಾಡ. ಎದ್ದ ಮ್ಯಾಲ ಹೇಳು — ನಿನ್ನಿ ನಮ್ಮ ಹಿತ್ತಲದಾಗಿನ ನಿಂಬಿ ಗಿಡ ಮೊದಲನೇ ಸಲ ಹೂ ಬಿಟ್ಟಾದ. ಅಷ್ಟು ಹೇಳು ಸಾಕು."

ಹೇಳಲಿಲ್ಲ.

ವರುಷಗಳು ಕಳೆದ ಹಾಗೆ ಅಕ್ಕ ಮೆಲ್ಲಗೆ ಎದ್ದಳು, ಅಡುಗೆ ಮಾಡಿದಳು, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು. ಹಳ್ಳದಲ್ಲಿ ಕೇಳಿದ ಆ ನಗು ಮಾತ್ರ ಮತ್ತೆ ಕೇಳಲಿಲ್ಲ. ಈಗ ಇಬ್ಬರೂ ಗಂಡಂದಿರನ್ನು ಕಳಕೊಂಡು ಒಂದೇ ಮನೆಯಲ್ಲಿದ್ದೇವೆ. ನನ್ನ ಮೊಮ್ಮಗಳು ಶಹಾಪುರದಲ್ಲಿ ನರ್ಸು. ಹೋದ ತಿಂಗಳು ಬಂದವಳು ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾಸ್ತರರ ಹಾಗೆ ಹೇಳಿದಳು:

"ದಿನಾ ಒಂದೀಟು ನಡೀರಿ, ಬಿಸಿಲಿಗಿ ಕುಂಡ್ರಿ, ಹೊತ್ತಿಗಿ ಮಲಗ್ರಿ. ಮತ್ತ ನಿನ್ನಿ ಕಂಡ ಒಂದು ಚಲೋದು ಒಬ್ಬರಿಗೊಬ್ಬರು ಹೇಳ್ರಿ ಆಯಿ. ಮನಸ್ಸು ಹಗುರ ಇರ್ತದ."

ಅವಳು ಹೇಳಿದ ಎಲ್ಲವನ್ನೂ ಆ ವರುಷ ಅಕ್ಕ ತಾನಾಗಿಯೇ ಕಂಡುಕೊಂಡಿದ್ದಳಲ್ಲ, ಒಂದೂ ಬಿಡದೆ. ನಾನು ಕಿತ್ತುಕೊಂಡದ್ದೂ ಅದನ್ನೇ, ಒಂದೂ ಬಿಡದೆ.

ಅಕ್ಕ ಆ ಹುಡುಗಿಗೆ ಹೇಳಿದಳು, "ನನಗ ಗೊತ್ತದವ್ವ ಅದು. ಬೀಬಿ ಅಂತ ಒಬ್ಬಾಕಿ ಇದ್ದಳು, ದಿನಾ ಕೇಳಾಕಿ. ಹೋಗುವಾಗ ಮಾತ್ರ ಒಂದು ಮಾತು ಹೇಳಲಾರದ ಹೋದಳು. ನಾ ಏನ್ ತಪ್ಪು ಮಾಡಿದ್ದೆನೋ."

ನಲವತ್ತು ವರುಷ ಆಕೆ ತಪ್ಪು ತನ್ನದೆಂದೇ ತಿಳಿದಿದ್ದಳು.

ಮರುದಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತಾಗ ಅಕ್ಕ ನನ್ನನ್ನೇ ಕೇಳಿದಳು, ನಿನ್ನೆ ಏನು ಚಂದ ನೋಡಿದಿ ಎಂದು. ನಿಂಬೆಗಿಡದ ಮಾತು ಹೇಳಿದೆ. ಬಾಗಿಲ ಮಾತು ಹೇಳಿದೆ, ಹಳ್ಳದ್ದೂ ಹೇಳಿದೆ.

"ಹೂ ಬಿಟ್ಟಿತ್ತೇನು?" ಎಂದಳು. ಎದ್ದು ಒಳಗೆ ಹೋದಳು.

ಅಂದಿನಿಂದ ನನ್ನ ಹತ್ತಿರ ಕೂರುವುದಿಲ್ಲ. ಕ್ಷಮಿಸೆಂದು ಕೇಳಲು ನನಗೆ ಬಾಯಿಲ್ಲ. ದಿನಾ ಮುಂಜಾನೆ ಕಟ್ಟೆಗೆ ನೀರು ಹೊಯ್ದು, ಆಕೆ ಕೂರುತ್ತಿದ್ದ ಜಾಗವನ್ನು ತಿಕ್ಕಿ ತೊಳೆದು, ಖಾಲಿ ಬಿಟ್ಟು, ನಾನು ಈಚೆ ಬದಿಗೆ ಕೂರುತ್ತೇನೆ.