ಹಡಗಿಗೆ ವರ್ಷಕ್ಕೊಂದು ಏಟು

ಮಿಲ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿ ಉದಯಕುಮಾರ ತನ್ನ ಚಳಿಗಾಲದ ದಪ್ಪ ಜಾಕೆಟ್ಟನ್ನು ಯುದ್ಧನೌಕೆಯೊಂದರ ಕಂಬಕ್ಕೆ ನೇತುಹಾಕಿದ. ಕೋಟು ಹಾಕುವ ಗೂಟ ಅಂದುಕೊಂಡಿದ್ದ, ಪಾಪ. ಕಂಬ ಟಣ್ಣೆಂದು ಮುರಿದು ಅಂಗೈಗೆ ಬಂತು. ಮನೆಯ ಯಜಮಾನರು ಆಚೆ ತಿರುಗಿ ಸುತ್ತಿಗೆ ಹುಡುಕುತ್ತಿದ್ದರು. ಐವತ್ತೆರಡರ ವಯಸ್ಸಿನ, ಕನ್ನಡ ಸಂಘದ ಸ್ಮರಣಸಂಚಿಕೆಯ ಸಂಪಾದಕ ಅನ್ನಿಸಿಕೊಂಡ ಮನುಷ್ಯ ಏನು ಮಾಡಿಯಾನೋ ಅದನ್ನೇ ಮಾಡಿದ: ಕಂಬವನ್ನು ಜೇಬಿಗೆ ಇಳಿಸಿ ನೋಟ್‌ಬುಕ್ಕು ತೆರೆದ.

ಬಂದದ್ದು ಆ ಯಜಮಾನರು, ರೇವಣಸಿದ್ದಪ್ಪನವರ ಬಗ್ಗೆ ಎರಡು ಪುಟ ಬರೆಯಲು. ಬೆಳಗಾವಿ ಕಡೆಯವರು, ವುಡ್‌ಬ್ರಿಡ್ಜಿನ ಒಂದು ತಗಡಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಒಂದು ದಿನ ಪ್ರೆಸ್ಸು ಇಳಿದು ಅವರ ಬಲಗೈಯ ಮೂರು ಬೆರಳನ್ನು ತಗಡಿನ ಜೊತೆಗೇ ಮಡಚಿಹಾಕಿತು. ಆಸ್ಪತ್ರೆಯಲ್ಲಿ ಯಾರೋ ಕೊಟ್ಟ ಪುಸ್ತಕದಲ್ಲಿ ‘ಥಾರ್ನ್‌ಮಿಯರ್’ ಸಿಕ್ಕಿತು. ಎರಡನೇ ಮಹಾಯುದ್ಧದ ಲೈಟ್ ಕ್ರೂಸರು, ಅಂದರೆ ಹಗುರ ಯುದ್ಧನೌಕೆ. ಒಂಬತ್ತು ಫಿರಂಗಿ, ಉದ್ದ ಸಪೂರ ಮೈ, ವೇಗಕ್ಕಾಗಿ ತೆಳ್ಳಗೆ ಮಾಡಿದ ಕವಚ.

“ಓಡಾಕ ಮಾಡಿದ್ದು, ಹೊಡಸ್ಕೊಳ್ಳಾಕ ಅಲ್ರಿ,” ಅಂದರು. “ಆದ್ರ ಹೊಡಸ್ಕೊಂಡಿದ್ದ ಭಾಳ.”

ಅದರ ಎಂಟಡಿಯ ಮಾದರಿಯನ್ನು ಈ ಬೇಸ್‌ಮೆಂಟಿನಲ್ಲಿ ತಗಡಿನಲ್ಲೇ ಕಟ್ಟಿದರು. ಕಟ್ಟಿ ಸುಮ್ಮನಿರಲಿಲ್ಲ. ನಿಜವಾದ ಹಡಗಿಗೆ ಬಿದ್ದ ಏಟುಗಳನ್ನು, ಬಿದ್ದ ತಾರೀಖಿಗೇ, ವರ್ಷಕ್ಕೊಂದರಂತೆ ತಾವೇ ಕೊಡುತ್ತಿದ್ದರು. ಆಮೇಲೆ ಅಂದು ಮಾಡಿದಂತೆಯೇ ರಿಪೇರಿ. ಹೋದ ವರ್ಷ ನಲವತ್ತೊಂದರ ಬಾಂಬು. ಅದು ಹಿಂದಿನ ಫಿರಂಗಿಗೋಪುರವನ್ನು ಸೀಳಿ, ಬಾಯ್ಲರಿನ ಆವಿಯಲ್ಲಿ ಹದಿನೇಳು ಜನರ ಚರ್ಮ ಸುಲಿದಿತ್ತು. ಏಟಿನ ದಿನ ಹೆಂಡತಿ ಶಾರದವ್ವ ಮೇಲಿನ ಮಹಡಿಯ ಗೋಡೆಯ ಫೋಟೊಗಳನ್ನೆಲ್ಲ ಇಳಿಸಿ ಹಾಸಿಗೆಯ ಮೇಲೆ ಮಲಗಿಸುತ್ತಾರೆ.

ಇವತ್ತು ನಲವತ್ತೆರಡರ ಟಾರ್ಪಿಡೊ. ಹಡಗಿನ ಮುಂದಿನ ಮೂತಿಯ ಕೋಣೆಯಲ್ಲಿ ಅರವತ್ತೊಂದು ಸಣ್ಣ ಮೊಳೆ ಹಾಕಿಟ್ಟಿದ್ದರು, ಅಂದು ಅಲ್ಲಿ ಸತ್ತ ಒಬ್ಬೊಬ್ಬ ನಾವಿಕನಿಗೆ ಒಂದು. ಏಟು ಬಿದ್ದ ಮೇಲೆ ಹಡಗು ಮುಳುಗದಿರಲೆಂದು ಆ ಕೋಣೆಯ ಬಾಗಿಲನ್ನು ಮೇಲಿನಿಂದ ಬಿಗಿದರಂತೆ. ಒಳಗಿನವರು ಇಪ್ಪತ್ತು ನಿಮಿಷ ಬಡಿದರಂತೆ. ಆಮೇಲೆ ಮೂತಿಯೇ ಹರಿದು ಹೋಯಿತು. ಉಳಿದ ಹಡಗು ಹಿಂದುಹಿಂದಕ್ಕೆ ಚಲಿಸಿ ಬಂದರು ಸೇರಿತು.

ಸುತ್ತಿಗೆ ಎತ್ತಿದ ರೇವಣಸಿದ್ದಪ್ಪ ಹಾಗೇ ನಿಂತರು. ಕಂಬ ಇರಲಿಲ್ಲ. ಆ ದಿನ ಇದ್ದದ್ದು ಇವತ್ತೂ ಇರಬೇಕು. ಇಲ್ಲದಿದ್ದರೆ ಏಟಿಲ್ಲ, ಇನ್ನೊಂದು ವರ್ಷ ಕಾಯಬೇಕು. ಆ ಕೈಯ ಉಳಿದೆರಡು ಬೆರಳೂ ಮರಗಟ್ಟುತ್ತಿದ್ದವು, ಬರುವ ವರ್ಷ ಸುತ್ತಿಗೆ ಹಿಡಿಯಲಾದೀತೋ ಇಲ್ಲವೋ. ಎಪ್ಪತ್ತು ದಾಟಿದ ಮನುಷ್ಯ ಮಂಡಿಯೂರಿ ಸಿಮೆಂಟಿನ ನೆಲವನ್ನು ತಡವುತ್ತ ಹೊರಟರು.

ಉದಯಕುಮಾರನಿಗೆ ತಡೆಯಲಾಗಲಿಲ್ಲ. ಕಂಬ ತೆಗೆದು ಮುಂದೆ ಹಿಡಿದು ಜಾಕೆಟ್ಟಿನ ಕತೆಯನ್ನೂ ಒಪ್ಪಿಸಿ, ಬೈಗುಳಕ್ಕೆ ತಲೆ ತಗ್ಗಿಸಿದ. ಅವರು ಬೈಯಲಿಲ್ಲ. ಕಂಬವನ್ನು ಇಸಿದುಕೊಂಡು ಬೆಸುಗೆ ಹಾಕಿದರು, ಊದಿ ಆರಿಸಿದರು, ಅವನನ್ನು ಗೋಡೆಗೆ ಒರಗಿ ನಿಲ್ಲಲು ಹೇಳಿದರು.

ಮೊದಲ ಏಟಿಗೆ ತಗಡು ಒಳಕ್ಕೆ ಕುಸಿಯಿತು. ಎರಡನೆಯದಕ್ಕೆ ಮೂತಿ ಕಿರುಚಿತು. ಮೂರನೆಯದಕ್ಕೆ ಹರಿದು ಬಿತ್ತು, ಮೊಳೆಗಳು ಕೋಣೆಯೆಲ್ಲ ಸಿಡಿದವು. ಒಂದು ಉದಯಕುಮಾರನ ಕೆನ್ನೆ ಗೀರಿ ರಕ್ತ ಜಿನುಗಿತು. ಮೇಲೆ ಶಾರದವ್ವನ ಅಡುಗೆಮನೆಯಲ್ಲಿ ಏನೋ ಬಿದ್ದು ಉರುಳಿತು. ರೇವಣಸಿದ್ದಪ್ಪ ಏದುಸಿರು ಬಿಡುತ್ತ ನಿಂತಿದ್ದರು. ಎರಡು ಬೆರಳು ಸುತ್ತಿಗೆಯನ್ನು ಬಿಡಲೊಲ್ಲವು, ಎಡಗೈಯಿಂದ ಬಿಡಿಸಿಕೊಂಡರು.

ಕಂಬ ಮಾತ್ರ ಅಲ್ಲಾಡಿರಲಿಲ್ಲ. ಉದಯಕುಮಾರನಿಗೆ ಹೋದ ಮಾನ ಅರ್ಧ ವಾಪಸು ಬಂದಂತಾಯಿತು. ಕೆನ್ನೆ ಒರೆಸಿಕೊಳ್ಳುತ್ತ ಕೇಳಿದ, “ಕಂಬ ಗಟ್ಟಿ ಆಯ್ತಲ್ಲ ಸರ್, ಇನ್ನು ಮುರಿಯಲ್ಲ ತಾನೆ?”

“ನಲವತ್ಮೂರರ ಏಟಿಗೆ ಮುರೀತೈತ್ರಿ,” ಅಂದರು ರೇವಣಸಿದ್ದಪ್ಪ. “ಬರೂ ವರ್ಷ ಅದ ಜಾಕೆಟ್ ಹಾಕ್ಕೊಂಡ ಬರ್ರಿ.”